ಷಡ್ಭುಜದ ಕೊನೆಯ ಗೆರೆ ಕೂಡುತ್ತಿಲ್ಲ, ಕೋನಮಾಪಕ ಬದಲಿಸಬೇಕೇ?

ಪ್ರಶ್ನೆ:
60 ಮಿ.ಮೀ. ಬಾಹುವಿನ ನಿಯಮಿತ ಷಡ್ಭುಜ ಬೇಕು. ಪ್ರತಿ ಮೂಲೆಯಲ್ಲೂ ಕೋನಮಾಪಕದಿಂದ 120° ಗುರುತಿಸಿ, ಸ್ಕೇಲಿನಲ್ಲಿ 60 ಅಳೆದು ಗೆರೆ ಎಳೆಯುತ್ತಾ ಸುತ್ತು ಬಂದರೆ ಆರನೆಯ ಗೆರೆ ಮೊದಲ ಬಿಂದುವಿನಿಂದ 3 ಮಿ.ಮೀ. ದೂರ ನಿಲ್ಲುತ್ತದೆ. ಮೂರು ಸಲವೂ ಹೀಗೇ ಆಯಿತು.

ಉತ್ತರ 1:
ಕೋನಮಾಪಕ ಕೆಟ್ಟಿಲ್ಲ ಸರ್, ಅದರ ಕೈಲಾಗದ ಕೆಲಸ ಕೊಟ್ಟಿದ್ದೀರಿ. ಅದರ ಕೆಳ ಅಂಚನ್ನೇ ಗೆರೆಗೆ ಕೂಡಿಸಿದ್ದರೆ (ಸೊನ್ನೆ ಗೆರೆ ಸಾಮಾನ್ಯವಾಗಿ ಅಂಚಿಗಿಂತ ಸ್ವಲ್ಪ ಮೇಲಿರುತ್ತದೆ) ತಪ್ಪು ಇನ್ನೂ ದೊಡ್ಡದಾಗುತ್ತಿತ್ತು. 3 ಮಿ.ಮೀ. ಎಂದರೆ ಪ್ರತಿ ಮೂಲೆಯಲ್ಲೂ ಒಂದೇ ಕಡೆಗೆ ಅರ್ಧ ಡಿಗ್ರಿ ತಪ್ಪಿದೆ, ಅಷ್ಟೇ. 50 ಮಿ.ಮೀ. ತ್ರಿಜ್ಯದ ಕೋನಮಾಪಕದ ಅಂಚಿನಲ್ಲಿ ಅರ್ಧ ಡಿಗ್ರಿ ಅಂದರೆ 0.44 ಮಿ.ಮೀ., ಹೆಚ್ಚುಕಡಿಮೆ ಪೆನ್ಸಿಲ್ ಗೆರೆಯ ದಪ್ಪ. ಐದು ಮೂಲೆ ತಿರುಗುವಷ್ಟರಲ್ಲಿ ಅದು ಕೂಡುತ್ತಾ ಹೋಗುತ್ತದೆ. ಒಂದು ಕೋನ ಎಷ್ಟಿದೆ ಎಂದು ಓದಲು ಕೋನಮಾಪಕ ಸರಿ, ಒಂದೇ ಕೋನವನ್ನು ಮತ್ತೆ ಮತ್ತೆ ಹಾಕಲು ಅಲ್ಲ.

ಕೈವಾರ ತೆಗೆದುಕೊಳ್ಳಿ. ಸ್ಕೇಲಿನ ತುದಿ ಸವೆದಿರಬಹುದು, ಆದ್ದರಿಂದ ಮುಳ್ಳನ್ನು 10ರ ಮೇಲೂ ಸೀಸವನ್ನು 70ರ ಮೇಲೂ ಇಟ್ಟು ತೆರೆಯಿರಿ. ವೃತ್ತ ಎಳೆದು ಅದೇ ತೆರೆತದಲ್ಲಿ ಸುತ್ತಲೂ ಆರು ಗುರುತು ಹಾಕಿ. ಷಡ್ಭುಜದ ಬಾಹು ಮತ್ತು ವೃತ್ತದ ತ್ರಿಜ್ಯ ಒಂದೇ. ತೆರೆತ 60 ಬದಲು 60.2 ಇದ್ದರೂ ಆಕೃತಿ ಮುಚ್ಚಿಕೊಳ್ಳುತ್ತದೆ, ಅಳತೆ ಕೂದಲೆಳೆಯಷ್ಟು ದೊಡ್ಡದಾಗುತ್ತದೆ ಅಷ್ಟೇ.

ಪ್ರಶ್ನೆ ಕೇಳಿದವರು:
ಹಾಗೇ ಮಾಡಿದೆ. ಆರನೆಯ ಗುರುತು ಮೊದಲನೆಯದನ್ನು ದಾಟಿ ಸುಮಾರು 1.5 ಮಿ.ಮೀ. ಮುಂದೆ ಬಿತ್ತು. ಡಿವೈಡರ್ ಬಳಸಲೇ?

ಉತ್ತರ 2:
ದಾಟಿ ಬಿದ್ದಿದೆ ಎಂದರೆ ವೃತ್ತ ಎಳೆದ ಮೇಲೆ ಕೈವಾರದ ಕಾಲು ಅಗಲವಾಗಿದೆ. 0.2 ಮಿ.ಮೀ. ಸರಿದರೂ ಆರು ಹೆಜ್ಜೆಗೆ 1.4 ಮಿ.ಮೀ. ಆಗುತ್ತದೆ. ಕಾಲು ಹಿಡಿದು ತಿರುಗಿಸಬೇಡಿ, ಮೇಲಿನ ಗುಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಕೀಲಿನ ತಿರುಪು ಬಿಗಿ ಮಾಡಿ. ಮುಳ್ಳು ಕಾಗದಕ್ಕೆ ಇಳಿಯಬೇಕು, ಹಾಗಾಗಿ ಅದು ಸೀಸಕ್ಕಿಂತ ತುಸು ಉದ್ದವಿರಲಿ. ಸೀಸ ಮೊಂಡಾಗಿದ್ದರೆ ಮರಳು ಕಾಗದದ ಮೇಲೆ ಉಳಿಯಂತೆ ಒಂದು ಕಡೆಗೆ ಓರೆಯಾಗಿ ಉಜ್ಜಿ.

ಡಿವೈಡರ್ ಇಲ್ಲಿ ಬೇಡ. ಅದಕ್ಕೆ ಎರಡೂ ಕಡೆ ಮುಳ್ಳು. ಉದ್ದವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯಲು ಅದರಷ್ಟು ನಿಖರವಾದದ್ದಿಲ್ಲ, ಆದರೆ ಕಂಸ ಎಳೆಯಲಾಗದು. ಮೇಲಾಗಿ ಕೀಲು ಸಡಿಲವಿದ್ದರೆ ಅದೂ ಇದೇ ತಪ್ಪು ಮಾಡುತ್ತದೆ.

ಸುತ್ತಲೂ ಹೆಜ್ಜೆ ಹಾಕುವುದನ್ನೇ ಬಿಡಿ. ಕೇಂದ್ರದ ಮೂಲಕ ವ್ಯಾಸ ಎಳೆಯಿರಿ. ಅದರ ಒಂದು ತುದಿಯಲ್ಲಿ ಮುಳ್ಳಿಟ್ಟು ವೃತ್ತವನ್ನು ಎರಡೂ ಬದಿ ಕತ್ತರಿಸಿ, ಇನ್ನೊಂದು ತುದಿಯಲ್ಲೂ ಹಾಗೇ. ನಾಲ್ಕು ಛೇದ, ಎರಡು ತುದಿ, ಒಟ್ಟು ಆರು ಬಿಂದು. ಯಾವ ಬಿಂದುವೂ ಒಂದು ಹೆಜ್ಜೆಗಿಂತ ದೂರವಿಲ್ಲ, ಹಾಗಾಗಿ ಕೈವಾರ 0.2 ಸರಿದರೂ ಬಿಂದು ಕಾಲು ಮಿ.ಮೀ. ಒಳಗೇ ಉಳಿಯುತ್ತದೆ.

ಉತ್ತರ 3:
ಮೂಲೆಮಟ್ಟ ಇದ್ದರೆ ಇನ್ನೂ ಬೇಗ ಆಗುತ್ತದೆ. ಸ್ಕೇಲನ್ನು ವ್ಯಾಸಕ್ಕೆ ಸಮಾಂತರವಾಗಿ ಒತ್ತಿ ಹಿಡಿದು, 30–60ರ ಮೂಲೆಮಟ್ಟವನ್ನು ಅದರ ಮೇಲೆ ಜಾರಿಸಿ ಕೇಂದ್ರದ ಮೂಲಕ 60° ಗೆರೆ ಎಳೆಯಿರಿ; ಮಗುಚಿ ಇನ್ನೊಂದು. ಮೂಲೆಮಟ್ಟದ ಲಂಬ ನಂಬುವ ಮೊದಲು ಪರೀಕ್ಷಿಸಿ: ಒಂದು ಲಂಬ ಎಳೆದು, ಮಗುಚಿ ಅದೇ ಬಿಂದುವಿನಿಂದ ಮತ್ತೆ ಎಳೆಯಿರಿ. ಎರಡರ ನಡುವೆ ಕಾಣುವ ಬಿರುಕು ನಿಜವಾದ ತಪ್ಪಿನ ಎರಡರಷ್ಟು.

ಪ್ರಶ್ನೆ ಕೇಳಿದವರು:
ವ್ಯಾಸದ ವಿಧಾನದಲ್ಲಿ ಕೂಡಿತು. ಆಕೃತಿ ಸರಿಯಿದೆ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ 2:
ಈಗ ಸ್ಕೇಲಿನ ಸರದಿ. ಎದುರುಬದುರು ಮೂಲೆಗಳ ನಡುವೆ ಮೂರೂ ಕಡೆ 120 ಮಿ.ಮೀ., ಎದುರು ಬಾಹುಗಳ ನಡುವೆ ಲಂಬವಾಗಿ 103.9 ಬರಬೇಕು. ಓದುವಾಗ ಕಣ್ಣು ಗುರುತಿನ ನೇರಕ್ಕೆ ಮೇಲಿರಲಿ.