ಶ್ವೇತಾ, ಪುಟ್ಟಿಯ ಎಂಟನೇ ಕ್ಲಾಸಿನ ವಿಚಾರ

ಶ್ವೇತಾ, ನಿನ್ನ ಮೆಸೇಜು ಬೆಳಗ್ಗೆಯೇ ನೋಡಿದೆ ಕಣಮ್ಮ. ಕೊಟ್ಟಿಗೆ ಕೆಲಸ ಮುಗಿಸಿ ಈಗ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಮಾಧಾನವಾಗಿ ಕೇಳು.

ನಿನ್ನ ಮಗಳು ಪುಟ್ಟಿ ಏಳನೇ ಕ್ಲಾಸ್ ಮುಗಿಸುತ್ತಾಳೆ. ಎಂಟಕ್ಕೆ ಊರಿನ ಸರ್ಕಾರಿ ಹೈಸ್ಕೂಲಾ, ಹೋಬಳಿಯ ಕೆಪಿಎಸ್ಸಾ (ಸರ್ಕಾರದ ಕರ್ನಾಟಕ ಪಬ್ಲಿಕ್ ಸ್ಕೂಲು), ಇಲ್ಲ ಅರಸೀಕೆರೆಯ ಇಂಗ್ಲಿಷ್ ಮೀಡಿಯಂ ಖಾಸಗಿ ಶಾಲೆಯಾ ಅಂತ ಕೇಳಿದ್ದೀಯ. ನಿಮ್ಮ ದೊಡ್ಡಪ್ಪ ನಿನ್ನ ಮೆಸೇಜಿನ ಕೆಳಗೆ "ಕಾಲ ಹಾಗಿದೆ, ಪೇಟೆಗೇ ಹಾಕು" ಅಂದಿದ್ದಾರೆ. ಅಣ್ಣನ ಮಾತಿಗೆ ನಾನು ಎದುರಾಡುತ್ತಿಲ್ಲ. ಆದರೆ ಇದೇ ವಿಚಾರದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ನಿನಗೆ ಹೇಳದೆ ಹೇಗಿರಲಿ?

ನಮ್ಮ ದೊಡ್ಡವಳು ಏಳರ ತನಕ ಊರಲ್ಲೇ ಕನ್ನಡದಲ್ಲಿ ಓದಿದವಳು. ಎಲ್ಲರೂ ಹೇಳಿದರು ಅಂತ ಎಂಟಕ್ಕೆ ಪೇಟೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದೆವು. ಎರಡು ತಿಂಗಳಾದ ಮೇಲೆ ಒಂದು ದಿನ ಅವಳ ವಿಜ್ಞಾನದ ನೋಟ್ಸ್ ತೆಗೆದು ನೋಡಿದೆ. "ಫ್ರಿಕ್ಷನ್ ಈಸ್ ಎ ಫೋರ್ಸ್ ದಟ್ ಅಪೋಸಸ್" ಅಂತ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದಳು, ಬಾಯಿಪಾಠ ಮಾಡೋಕೆ. ಟೆಸ್ಟ್ ಪೇಪರಿನಲ್ಲಿ ಆ ಪ್ರಶ್ನೆಯ ಕೆಳಗೆ ಖಾಲಿ. ಘರ್ಷಣೆ ಅಂದರೆ ಏನಮ್ಮ ಅಂತ ನಾನು ಕೇಳಿದೆ. ಎರಡು ಅಂಗೈ ಉಜ್ಜಿ ತೋರಿಸಿದಳು. ಸೈಕಲ್ ಬ್ರೇಕ್ ಹೇಳಿದಳು. ನೀರು ಬಿದ್ದ ಕಡಪ ಕಲ್ಲಿನ ಮೇಲೆ ಕಾಲು ಯಾಕೆ ಜಾರುತ್ತೆ ಅಂತ ಹೇಳಿದಳು. ಮಗುವಿಗೆ ಎಲ್ಲ ಗೊತ್ತಿತ್ತು ಶ್ವೇತಾ. ಬರೆಯೋಕೆ ಮಾತಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸೇನೋ ಬಂತು. ಆದರೆ ಕ್ಲಾಸಿನಲ್ಲಿ ಮೊದಲು ಕೈ ಎತ್ತುತ್ತಿದ್ದ ಹುಡುಗಿ ಆ ಮೂರು ವರ್ಷ ಕೈ ಎತ್ತಲೇ ಇಲ್ಲ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ.

ಅದಕ್ಕೇ ನಮ್ಮ ಚಿಕ್ಕವನನ್ನು ಹತ್ತರವರೆಗೂ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿಸಿದೆ. ಪಿಯುಸಿ ಸೈನ್ಸ್ ಇಂಗ್ಲಿಷ್‌ನಲ್ಲೇ ಅಲ್ವಾ, ಆಮೇಲೆ ಕಷ್ಟ ಆಗಲ್ವಾ ಅಂತ ನೀನು ಕೇಳಬಹುದು. ಕಷ್ಟ ಆಯಿತು. ಇಲ್ಲ ಅನ್ನಲ್ಲ. ಹತ್ತನೇ ಪರೀಕ್ಷೆ ಮುಗಿದ ಮೇಲೆ ರಜೆಯಲ್ಲಿ ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆದ. ಫಸ್ಟ್ ಪಿಯುಸಿಯಲ್ಲಿ ದಸರಾ ತನಕ ಒದ್ದಾಡಿದ. ಆಮೇಲೆ ಸರಿಹೋಯಿತು, ಯಾಕೆಂದರೆ ವಿಷಯ ತಲೆಯಲ್ಲಿ ಗಟ್ಟಿ ಇತ್ತು. ಬದಲಾಗಬೇಕಿದ್ದುದು ಹೆಸರುಗಳು ಮಾತ್ರ. ಪುಟ್ಟಿ ಮೊದಲಿಂದ ಇಂಗ್ಲಿಷ್ ವಿಭಾಗದಲ್ಲಿ ಓದಿದ್ದರೆ ಮಾತು ಬೇರೆ. ಅವಳು ಒಂದರಿಂದ ಕನ್ನಡ. ಎಂಟರಲ್ಲಿ ಬದಲಾಯಿಸಬೇಡ.

ಇನ್ನೊಂದು ವಿಷಯ ಯಾರೂ ಹೇಳಿರಲ್ಲ ನಿನಗೆ. ಪಿಯುಸಿ ಆದ ಮೇಲೆ ಇಂಜಿನಿಯರಿಂಗ್‌ನಂಥ ಕೋರ್ಸಿಗೆ ಸೇರೋಕೆ ಬರೆಯುವ ಸಿಇಟಿಯಲ್ಲಿ ಕನ್ನಡ ಮಾಧ್ಯಮದವರಿಗೆ ಶೇಕಡ 5, ಗ್ರಾಮೀಣದವರಿಗೆ ಶೇಕಡ 15 ಸೀಟು ಇದೆ. ಎರಡಕ್ಕೂ ಒಂದರಿಂದ ಹತ್ತರವರೆಗೆ, ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕು. ಪುಟ್ಟಿಗೆ ಆಗಲೇ ಏಳು ವರ್ಷ ಆಗಿದೆ. ಇನ್ನು ಮೂರು ವರ್ಷ. ಪೇಟೆಗೆ ಹಾಕಿದರೆ ಗ್ರಾಮೀಣದ್ದೂ ಹೋಯಿತು, ಇಂಗ್ಲಿಷ್ ಮೀಡಿಯಂ ಆದರೆ ಕನ್ನಡದ್ದೂ ಹೋಯಿತು. ಮುಂದೆ ರಾಜ್ಯ ಸರ್ಕಾರದ ಕೆಲಸಕ್ಕೆ ಅರ್ಜಿ ಹಾಕುವಾಗಲೂ ಈ ಎರಡು ಸರ್ಟಿಫಿಕೇಟ್ ಬೇಕಾಗುತ್ತೆ. ಹೋಬಳಿ ಶಾಲೆಗೆ ಸೇರಿಸುವ ಮೊದಲು ಆ ಊರು ಇನ್ನೂ ಗ್ರಾಮ ಪಂಚಾಯಿತಿಯೇನಾ ಅಂತ ವಿಚಾರಿಸು. ಪಟ್ಟಣ ಪಂಚಾಯಿತಿ ಆಗಿಬಿಟ್ಟಿದ್ದರೆ ಗ್ರಾಮೀಣ ಅಂತ ಲೆಕ್ಕಕ್ಕೆ ಬರಲ್ಲ.

ಎನ್‌ಎಂಎಂಎಸ್ ಅಂತ ಸ್ಕಾಲರ್‌ಶಿಪ್ ಪರೀಕ್ಷೆ ಇದೆ, ಅದನ್ನೂ ಮರೆಯಬೇಡ. ಎಂಟನೇ ಕ್ಲಾಸಿನಲ್ಲಿರುವಾಗ ಬರೆಯೋದು. ಪಾಸಾಗಿ ಆಯ್ಕೆ ಆದರೆ ಒಂಬತ್ತರಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ ಮಗುವಿನ ಖಾತೆಗೇ ಬರುತ್ತೆ. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರಿರಬಾರದು. ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು. ಖಾಸಗಿಗೆ ಸೇರಿಸಿದರೆ ಅರ್ಜಿ ಹಾಕೋಕೇ ಆಗಲ್ಲ. ಎಷ್ಟೋ ಮಕ್ಕಳಿಗೆ ಇದು ತಪ್ಪಿಹೋಗೋದು ಹೇಳುವವರಿಲ್ಲದೆ. ಹೆಡ್‌ಮಾಸ್ಟರ್ ಹತ್ತಿರ ನೀನೇ ಕೇಳು, ಹೋದ ವರ್ಷ ಈ ಶಾಲೆಯಿಂದ ಎಷ್ಟು ಮಕ್ಕಳು ಬರೆದರು ಅಂತ. ಉತ್ತರ ತಟ್ಟನೆ ಬಂದರೆ ಆ ಶಾಲೆಯಲ್ಲಿ ಮಕ್ಕಳ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ ಅಂತ ತಿಳಿ.

ಈಗ ಊರಿನದ್ದಾ, ಹೋಬಳಿಯದ್ದಾ ಅನ್ನೋದು. ನಾನು ಮೂರು ವರ್ಷ ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯಲ್ಲಿ ಇದ್ದವಳು. ಕಟ್ಟಡದ ಬಣ್ಣ ನೋಡಿ ಮೋಸ ಹೋಗಬೇಡ. ಮೊದಲು ಕೇಳಬೇಕಾದ್ದು ಪಿಸಿಎಂ ಮೇಷ್ಟ್ರು ಇದ್ದಾರಾ ಅಂತ. ಅವರೇ ಗಣಿತ, ಭೌತಶಾಸ್ತ್ರ ನೋಡಿಕೊಳ್ಳೋದು. ಕಾಯಂ ಇದ್ದಾರಾ, ಅತಿಥಿ ಶಿಕ್ಷಕರಾ? ಅತಿಥಿ ಶಿಕ್ಷಕರು ಕೆಟ್ಟವರಲ್ಲ. ನನ್ನ ಮಗನಿಗೆ ಇಂಗ್ಲಿಷ್ ಕಲಿಸಿದ್ದು ಒಬ್ಬ ಅತಿಥಿ ಟೀಚರೇ, ಆ ಹೆಣ್ಣುಮಗಳನ್ನು ಇವತ್ತಿಗೂ ನೆನೆಯುತ್ತಾನೆ. ಆದರೆ ಶಾಲೆ ಶುರುವಾಗಿ ಎಷ್ಟೋ ದಿನದ ಮೇಲೆ ಅವರ ನೇಮಕ ಆಗುತ್ತೆ. ಅಷ್ಟರಲ್ಲಿ ಬೀಜಗಣಿತದ ಪಾಠ ಹೋಗಿರುತ್ತೆ. ನಿಮ್ಮೂರಿನ ಶಾಲೆಯಲ್ಲಿ ಗಣಿತದ ಹುದ್ದೆ ಎರಡು ವರ್ಷದಿಂದ ಖಾಲಿ ಅಂತ ನೀನೇ ಬರೆದಿದ್ದೀಯ. ಅದು ತುಂಬಿದೆಯಾ ಅಂತ ಇನ್ನೊಂದು ಸಲ ವಿಚಾರಿಸು. ತುಂಬಿಲ್ಲ ಅಂದರೆ ನನ್ನ ಮನಸ್ಸು ಹೋಬಳಿ ಕಡೆಗೇ.

ಲ್ಯಾಬ್ ತೋರಿಸಿ ಅನ್ನು. ನಾಚಿಕೊಳ್ಳಬೇಡ. ಮಗನಿಗೆ ಶಾಲೆ ನೋಡುವಾಗ ನಾನು ಎರಡು ಕಡೆ ಹೋಗಿದ್ದೆ. ಒಂದು ಕಡೆ ಬೀರು ತೆಗೆದರು, ಗಾಜಿನ ನಳಿಗೆಗಳಿಗೆ ಸುತ್ತಿದ್ದ ಪೇಪರ್ ಕೂಡ ಬಿಚ್ಚಿರಲಿಲ್ಲ. ಇನ್ನೊಂದು ಕಡೆ ನಾಲ್ಕು ನಳಿಗೆ ಒಡೆದಿತ್ತು, ಮರದ ಮೇಜಿನ ತುಂಬ ಮೈಲುತುತ್ತದ ನೀಲಿ ಕಲೆ. ಮಗನನ್ನು ಆ ಕಲೆ ಇದ್ದ ಶಾಲೆಗೇ ಸೇರಿಸಿದೆ.

ಫಲಿತಾಂಶದ ಬೋರ್ಡ್ ಎಲ್ಲ ಕಡೆ ಹಾಕಿರುತ್ತಾರೆ. ಅದರಲ್ಲಿ ಯಾವ ವರ್ಷದ್ದು ಅಂತ ನೋಡು. 2023ರಲ್ಲಿ ಇಡೀ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡ 83.89 ಇತ್ತು. 2024ರಲ್ಲಿ ಪರೀಕ್ಷೆ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟರೂ 73.40ಕ್ಕೆ ಬಂತು. ಹಾಗಾಗಿ ಅದಕ್ಕಿಂತ ಹಿಂದಿನ ನೂರಕ್ಕೆ ನೂರು ಬೋರ್ಡ್ ನೋಡಿ ತೀರ್ಮಾನ ಮಾಡಬೇಡ. 2024ರಿಂದ ಈಚೆಗಿನದ್ದು ಕೇಳು. ಒಂಬತ್ತರಲ್ಲಿ ಎಷ್ಟು ಮಕ್ಕಳಿದ್ದರು, ಅದೇ ಬ್ಯಾಚಿನವರು ಹತ್ತರಲ್ಲಿ ಎಷ್ಟು ಜನ ಪರೀಕ್ಷೆಗೆ ಕೂತರು ಅಂತಲೂ ಕೇಳು. ಹಿಂದೆ ಬಿದ್ದ ಮಕ್ಕಳನ್ನು ಒಂಬತ್ತರಲ್ಲೇ ಟಿಸಿ ಕೊಟ್ಟು ಕಳಿಸಿ ಬೋರ್ಡ್ ಬರೆಸುವವರೂ ಇದ್ದಾರೆ.

ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀನೇ ಒಳಗೆ ಹೋಗಿ ಬಾ. ನೀರು ಬರುತ್ತಾ, ಚಿಲಕ ಇದೆಯಾ ನೋಡು. ಎಂಟನೇ ಕ್ಲಾಸ್ ಅಂದರೆ ಎಂಥ ವಯಸ್ಸು ಅಂತ ನಿನಗೆ ನಾನು ಹೇಳಬೇಕಾ? ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಕೊಡುತ್ತಾರಾ, ಯಾವ ಟೀಚರ್ ಹತ್ತಿರ ಕೇಳಬೇಕು ಅಂತ ವಿಚಾರಿಸಿಕೋ. ದಿನವಿಡೀ ನೀರು ಕುಡಿಯದೆ ಕೂರುವ ಹುಡುಗಿಯರನ್ನು ನಾನು ನೋಡಿದ್ದೇನೆ, ಶೌಚಾಲಯಕ್ಕೆ ಹೋಗಬೇಕಾಗುತ್ತೆ ಅಂತ. ಆ ತಲೆನೋವಲ್ಲಿ ಯಾವ ಪಾಠ ಹತ್ತುತ್ತೆ?

ಬಸ್ಸಿನ ದುಡ್ಡಿನ ಚಿಂತೆ ಇಲ್ಲ, ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಆದರೆ ಸಂಜೆ ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ತಿಳಿದುಕೋ. ಹತ್ತನೇ ಕ್ಲಾಸಿಗೆ ಬಂದ ಮೇಲೆ ಸಂಜೆ ವಿಶೇಷ ತರಗತಿ ಇಡುತ್ತಾರೆ. ಆಗ ಬಸ್ ತಪ್ಪಿದರೆ ಯಾರು ಕರೆತರೋದು ಅಂತ ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಕೆಪಿಎಸ್ ಬಗ್ಗೆ ನನಗೆ ಹಿಡಿಸುವ ಇನ್ನೊಂದು ಮಾತು, ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ಹತ್ತಾದ ಮೇಲೆ ಮತ್ತೆ ಕಾಲೇಜು ಹುಡುಕುವ ಅಲೆದಾಟ ಕಡಿಮೆ. ಇಂಗ್ಲಿಷ್ ವಿಭಾಗಕ್ಕೆ ಬನ್ನಿ ಅಂತ ಅಲ್ಲಿ ಕರೆಯಬಹುದು. ಕನ್ನಡ ವಿಭಾಗ ಇದೆಯಲ್ಲ, ಅದಕ್ಕೇ ಸೇರಿಸಿಕೊಳ್ಳಿ ಅಂತ ಗಟ್ಟಿಯಾಗಿ ಹೇಳು.

ಹಾಂ, ನಿನ್ನ ಚಿಕ್ಕವನ ವಿಷಯ. ಅವನು ಈಗ ನಾಲ್ಕನೇ ಕ್ಲಾಸ್ ಅಲ್ವಾ? ಮೊರಾರ್ಜಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ನವೋದಯ ಎಲ್ಲಕ್ಕೂ ಮಕ್ಕಳನ್ನು ತೆಗೆದುಕೊಳ್ಳೋದು ಆರನೇ ತರಗತಿಗೆ. ಪ್ರವೇಶ ಪರೀಕ್ಷೆಗೆ ಐದರಲ್ಲೇ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರ ಈಗಿನಿಂದಲೇ ನಾಡಕಚೇರಿಯಲ್ಲಿ ಮಾಡಿಸಿಟ್ಟುಕೋ. ಪುಟ್ಟಿಗೆ ಆ ಸಮಯ ತಪ್ಪಿತು, ಇವನಿಗೆ ತಪ್ಪಿಸಬೇಡ.

ಗುರುವಾರ ನನಗೆ ಬಿಡುವಿದೆ. ಬೆಳಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ, ಇಬ್ಬರೂ ಹೋಬಳಿ ಶಾಲೆಗೆ ಪ್ರಾರ್ಥನೆ ಹೊತ್ತಿಗೆ ಹೋಗೋಣ. ಮಧ್ಯಾಹ್ನ ಬಿಸಿಯೂಟದ ತನಕ ಅಲ್ಲೇ ಇರೋಣ. ಪುಟ್ಟಿಯನ್ನೂ ಕರೆದುಕೊಂಡು ಬಾ. ಅಲ್ಲಿ ಎಂಟನೇ ಕ್ಲಾಸಿನ ಹುಡುಗಿಯರ ಜೊತೆ ಅವಳು ಸ್ವಲ್ಪ ಹೊತ್ತು ಕೂತು ಮಾತಾಡಲಿ. ನಾವು ಕೇಳದ ಪ್ರಶ್ನೆ ಅವಳು ಕೇಳಿಕೊಂಡು ಬರುತ್ತಾಳೆ.