ಅಮ್ಮನ ಖಿನ್ನತೆಗೆ ಮಾತ್ರೆಯೋ, ವಾಕಿಂಗೋ? ಅನುಭವ ಇರೋರು ಹೇಳಿ

ಪ್ರಶ್ನೆ: ಅಮ್ಮನಿಗೆ 58. ಅಪ್ಪ ಹೋದಮೇಲೆ ಪೂರ್ತಿ ಮಂಕಾಗಿಬಿಟ್ಟಿದ್ದಾರೆ. ಡಾಕ್ಟರು ಖಿನ್ನತೆ ಅಂತ ಸರ್ಟ್ರಲಿನ್ ಬರೆದುಕೊಟ್ಟು, ದಿನಾ ಅರ್ಧ ಗಂಟೆ ನಡೆಯಿರಿ ಅಂದಿದ್ದಾರೆ. ನನ್ನಣ್ಣ ಎಲ್ಲೋ ಓದಿಕೊಂಡು ಬಂದು, ವ್ಯಾಯಾಮ ಮಾತ್ರೆಯಷ್ಟೇ ಕೆಲಸ ಮಾಡುತ್ತಂತೆ, ಮಾತ್ರೆ ನಿಲ್ಲಿಸು ಅಂತಿದ್ದಾನೆ. ಅಮ್ಮನಿಗೆ ಎರಡೂ ಬೇಡ. ಏನು ಮಾಡಲಿ?

ಮೈಸೂರಿನಿಂದ: ನಿಮ್ಮಣ್ಣ ಹೇಳ್ತಿರೋದು ಸುಳ್ಳಲ್ಲ, ಅರ್ಧ ಓದಿದ್ದಾರೆ ಅಷ್ಟೆ. ಅವರು ಓದಿರೋದು ಬಹುಶಃ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ 1999ರ ಅಧ್ಯಯನ. 50 ದಾಟಿದ 156 ಜನರಲ್ಲಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಸರ್ಟ್ರಲಿನ್ (ನಿಮ್ಮಮ್ಮನ ಮಾತ್ರೆಯೇ), ಉಳಿದವರಿಗೆ ಎರಡೂ. 16 ವಾರ ಆಗೋ ಹೊತ್ತಿಗೆ ಮೂರು ಗುಂಪೂ ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬಂದಿದ್ದವು. ಆದರೆ ಮೊದಲ ವಾರಗಳಲ್ಲಿ ಬೇಗ ಗುಣ ಕಂಡದ್ದು ಮಾತ್ರೆಯವರಿಗೆ. ವ್ಯಾಯಾಮದವರೂ ಒಬ್ಬೊಬ್ಬರೇ ನಡೆದವರಲ್ಲ. ವಾರಕ್ಕೆ ಮೂರು ಸಲ, ಗುಂಪಿನಲ್ಲಿ, ನೋಡಿಕೊಳ್ಳೋಕೆ ಜನ ಇದ್ದರು.

ಇದನ್ನು ಯಾಕೆ ಒತ್ತಿ ಹೇಳ್ತೀನಿ ಅಂದರೆ, ಬ್ರಿಟನ್ನಿನಲ್ಲಿ 2012ರಲ್ಲಿ ಬಂದ ಇನ್ನೊಂದು ಅಧ್ಯಯನ ಯಾರೂ ಎತ್ತಲ್ಲ. 361 ರೋಗಿಗಳು. ಅರ್ಧದಷ್ಟು ಜನರಿಗೆ ಮಾಮೂಲಿ ಚಿಕಿತ್ಸೆ ಜೊತೆ ಚಟುವಟಿಕೆ ಹೆಚ್ಚಿಸಿಕೊಳ್ಳಿ ಅಂತ ಸಲಹೆ, ಪ್ರೋತ್ಸಾಹ ಕೊಟ್ಟರು. ಅವರು ಸ್ವಲ್ಪ ಜಾಸ್ತಿ ಓಡಾಡಿದ್ದೂ ಹೌದು. ಖಿನ್ನತೆಯಲ್ಲಿ ಮಾತ್ರ ಉಳಿದವರಿಗಿಂತ ವ್ಯತ್ಯಾಸ ಕಾಣಲಿಲ್ಲ.

ನೆದರ್ಲೆಂಡ್ಸ್‌ನಲ್ಲಿ 2023ರಲ್ಲಿ ಪ್ರಕಟವಾದದ್ದು ನನಗೆ ಇನ್ನೂ ಹಿಡಿಸಿತು. ಬಹುಪಾಲು ಜನರಿಗೆ ಆಯ್ಕೆ ಅವರದ್ದೇ. 141 ಜನರಲ್ಲಿ 96 ಮಂದಿ ಓಟಕ್ಕೆ ಬಂದರು, 45 ಮಂದಿ ಮಾತ್ರೆಗೆ. ಎರಡೂ ಕಡೆ ಚೇತರಿಸಿಕೊಂಡವರು ಶೇ. 44ರ ಆಸುಪಾಸು. ಆದರೆ ಚಿಕಿತ್ಸೆಯನ್ನು ಹೇಳಿದ ಹಾಗೆ ಪಾಲಿಸಿದವರು ಮಾತ್ರೆಯಲ್ಲಿ ಶೇ. 82, ಓಟದಲ್ಲಿ ಶೇ. 52. ಬೇಕು ಅಂತ ಬಂದವರದ್ದೇ ಈ ಕಥೆ, ಇನ್ನು ಬೇಡ ಅನ್ನೋ ನಿಮ್ಮಮ್ಮ!

2024ರಲ್ಲಿ 218 ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ ನಡಿಗೆ, ಜಾಗಿಂಗ್, ಯೋಗ, ತೂಕ ಎತ್ತೋದು ಎಲ್ಲವೂ ಉಪಯೋಗ ಅಂತ ಬಂತು. ಆದರೂ ಅಧ್ಯಯನಗಳ ಗುಣಮಟ್ಟ ಸಾಧಾರಣ. ಮಾತ್ರೆಗೆ ಔಷಧ ಇಲ್ಲದ ಪೊಳ್ಳು ಮಾತ್ರೆ ಕೊಟ್ಟು ಹೋಲಿಸಬಹುದು, ಪೊಳ್ಳು ವಾಕಿಂಗ್ ಎಲ್ಲಿಂದ ತರೋದು?

ಧಾರವಾಡದಿಂದ: ನಮ್ಮ ಕಾಕಾಗೂ ಹಿಂಗ ಆಗಿತ್ರಿ. ‘ವಾಕಿಂಗ್ ಹೋಗ್ರಿ’ ಅಂತ ಮನಿಮಂದಿ ಎಲ್ಲಾ ಬೆನ್ನ ಹತ್ತಿದ್ವಿ, ಮನಷ್ಯಾ ಹಾಸಗಿ ಬಿಟ್ಟು ಏಳಲಿಲ್ಲ. ಕಡೀಕ ಅವರ ಹಳೇ ದೋಸ್ತ ಒಬ್ಬರು ದಿನಾ ಮುಂಜಾನೆ ಆರಕ್ಕ ಬಂದು ಕಟ್ಟಿ ಮ್ಯಾಲೆ ಕುಂತು, ‘ಚಾ ಕುಡ್ಯಾಕ ಹೋಗೂಣ ನಡಿ’ ಅನ್ನಾಕ ಹತ್ತಿದ್ರು. ಚಾದಂಗಡಿ ಒಂದು ಕಿಲೋಮೀಟರ್ ದೂರ. ವಾಕಿಂಗ್ ಅನ್ನೂ ಶಬ್ದಾನ ಎತ್ತಲಿಲ್ಲ ಪುಣ್ಯಾತ್ಮ. ಗುಳಿಗಿ ಮಾತ್ರ ಡಾಕ್ಟರ್ ಹೇಳೂತನಕ ಬಿಡಲಿಲ್ರಿ.

ಬೆಂಗಳೂರಿನಿಂದ: ನಾನೇ ಅನುಭವಿಸಿದವಳು. ಚಪ್ಪಲಿ ಹಾಕ್ಕೊಂಡು ಹೊಸ್ತಿಲ ಹತ್ತಿರ ಇಪ್ಪತ್ತು ನಿಮಿಷ ಕೂತು, ಮತ್ತೆ ಬಿಚ್ಚಿಟ್ಟು ಒಳಗೆ ಹೋದ ದಿನಗಳಿವೆ. ಮಾತ್ರೆ ಶುರುವಾಗಿ ಮೂರ್ನಾಲ್ಕು ವಾರ ಆದಮೇಲೆ ಗೇಟು ದಾಟೋಕಾಯ್ತು. ಆಮೇಲೆ ಆರಾಮಾಗಿದೀನಲ್ಲ ಅಂತ ನಾನೇ ಮಾತ್ರೆ ನಿಲ್ಲಿಸಿದೆ. ತಲೆಸುತ್ತು, ನಿದ್ದೆ ಇಲ್ಲ, ಸುಮ್ಮಸುಮ್ಮನೆ ಅಳು. ನಿಲ್ಲಿಸೋದಾದರೆ ಡಾಕ್ಟರ ಹತ್ತಿರ ಕೇಳಿ, ನಿಧಾನಕ್ಕೆ ಇಳಿಸಬೇಕು. ದಯವಿಟ್ಟು ನಿಮ್ಮಣ್ಣನಿಗೆ ಇದೊಂದು ಹೇಳಿ.

ಹೊರಗೆ ಬರೋಕೇ ಒಲ್ಲೆ ಅಂದರೆ ಮನೆಯಲ್ಲೇ ಯೋಗ ಮಾಡಿಸಿ ನೋಡಿ. ನಮ್ಮ ನಿಮ್ಹಾನ್ಸ್‌ನವರು ಖಿನ್ನತೆಗೆ ಯೋಗದ ಉಪಯೋಗವನ್ನು ವರ್ಷಗಳಿಂದ ಪರೀಕ್ಷಿಸ್ತಾ ಬಂದಿದ್ದಾರೆ. ಅಮ್ಮ ಸಾಯೋ ಮಾತಾಡಿದರೆ ಮಾತ್ರ ಇದ್ಯಾವುದಕ್ಕೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲಿ ಮಾತಾಡ್ತಾರೆ.

ಪ್ರಶ್ನೆ ಕೇಳಿದವಳು: ಎಲ್ಲರಿಗೂ ಥ್ಯಾಂಕ್ಸ್. ಮೈಸೂರಿನವರ ಉತ್ತರ ಅಣ್ಣನಿಗೆ ಕಳಿಸಿದೆ. ಓದಿ ಸುಮ್ಮನಾದ. ಮಾತ್ರೆ ನಿಲ್ಲಿಸಲ್ಲ. ನಾಳೆಯಿಂದ ಬೆಳಿಗ್ಗೆ ಹಾಲಿನ ಬೂತ್ ತನಕ ಅಮ್ಮನ ಜೊತೆ ಹೋಗೋದು ಅವನ ಪಾಳಿ, ಸಂಜೆ ನನ್ನದು. ಅಮ್ಮನಿಗೆ ಮಂಡಿನೋವೂ ಇದೆ, ಎಂಥ ಶೂ ತಗೊಳ್ಳಲಿ?