ಕಂದಾಯದ ರಸೀದಿಯಲ್ಲಿ ಲೈಬ್ರರಿ ದುಡ್ಡು: ಈಗ ಅಲ್ಲಿಗೆ ಯಾರು ಹೋಗುತ್ತಾರೆ?

ಪ್ರಶ್ನೆ: ಹಳೇಪೇಟೆಯವನು, ದಾವಣಗೆರೆ

ಈ ಸಲ ಮನೆ ಕಂದಾಯ ಕಟ್ಟಿ ಬಂದು ರಸೀದಿ ನೋಡುತ್ತಿದ್ದೆ. ಮಗಳು ಇಣುಕಿ, "ಅಪ್ಪಾ, ಗ್ರಂಥಾಲಯ ಕರ ಅಂದ್ರೇನು?" ಅಂದಳು. ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ. ನನ್ನ 2,400ಕ್ಕೆ 144 ಆಯಿತು. ಮನೆಯವರೆಲ್ಲ ಹೋಗಿ ಬೆಣ್ಣೆ ದೋಸೆ ತಿಂದರೆ ಇದಕ್ಕಿಂತ ಜಾಸ್ತಿ ಆಗುತ್ತೆ, ಹಾಗಾಗಿ ದುಡ್ಡಿನ ತಕರಾರಲ್ಲ. ಆದರೆ ಕಾಲೇಜು ಬಿಟ್ಟ ಮೇಲೆ ನಾನು ಒಂದು ದಿನವೂ ಅಲ್ಲಿಗೆ ಕಾಲಿಟ್ಟಿಲ್ಲ. ಈಗ ಯಾರು ಹೋಗುತ್ತಾರೆ? ಸುಮ್ನೆ ಕೆಣಕೋಕೆ ಕೇಳ್ತಿಲ್ಲ.

ಉತ್ತರ 1: ಮಿಲ್ಲಿನವರ ಮಗಳು

ನಮ್ಮಪ್ಪ ಹೋಗುತ್ತಿದ್ದರು. ಹತ್ತಿ ಮಿಲ್ಲು ಮುಚ್ಚಿದ ಮೇಲೂ ಅವರು ಪಾಳಿಗೆ ಹೊರಡುವ ಹೊತ್ತಿಗೇ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಸೈಕಲ್ ಹತ್ತುತ್ತಿದ್ದರು. ಎಲ್ಲಿಗೆ ಅಂತ ಅಮ್ಮ ಕೇಳುತ್ತಿರಲಿಲ್ಲ. ಒಂದು ದಿನ ಬುತ್ತಿ ಕೊಡಲು ನಾನು ಹೋದೆ. ಉದ್ದ ಮೇಜು, ಐದಾರು ಜನ ಮುದುಕರು, ಒಂದೇ ಪೇಪರು. ಹಾಳೆ ಬಿಡಿಸಿ ಹಂಚಿಕೊಂಡಿದ್ದರು. ಮುಖಪುಟ ಒಬ್ಬರಿಗೆ, ಕ್ರೀಡೆ ಇನ್ನೊಬ್ಬರಿಗೆ. ಅಪ್ಪನ ಕೈಗೆ ಸಿಕ್ಕಿದ್ದು ಮಾರುಕಟ್ಟೆ ಧಾರಣೆ. ಹತ್ತಿ ರೇಟಿನ ಮೇಲೆ ಬೆರಳಿಟ್ಟು ಓದುತ್ತಿದ್ದರು. ಮಿಲ್ಲೇ ಇಲ್ಲ, ಹತ್ತಿ ರೇಟು ಯಾಕೆ ಬೇಕಿತ್ತೋ! ಕೊನೆಗೆ ಹಾಳೆಗಳನ್ನು ನಂಬರಿನ ಪ್ರಕಾರ ಜೋಡಿಸಿ, ಮಡಿಸಿ ಇಟ್ಟೇ ಏಳುತ್ತಿದ್ದರು. ಅದು ಅವರ ಡ್ಯೂಟಿ.

ಉತ್ತರ 2: ದುರ್ಗದ ಬಿಸಿಲು

ಸರ್ಕಾರಿ ಕೆಲಸದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುವವರನ್ನು ಮರೆತಿರಾ ಸ್ವಾಮಿ? ಏಪ್ರಿಲ್‌ನಲ್ಲಿ ನಮ್ಮ ದುರ್ಗದ ಬಂಡೆಗಳು ರಾತ್ರಿಯೂ ಕಾಯ್ದಿರುತ್ತವೆ, ಶೀಟಿನ ರೂಮಲ್ಲಿ ಕೂತು ಓದೋಕಾಗಲ್ಲ. ಬಾಗಿಲು ತೆಗೆಯುವ ಮುಂಚೆಯೇ ಹೋಗಿ ಫ್ಯಾನಿನ ಕೆಳಗೆ ಸೀಟು ಹಿಡಿಯಬೇಕು. ಅಂದಹಾಗೆ, ನಿಮ್ಮ ಕರ 1965ರ ಗ್ರಂಥಾಲಯ ಕಾಯ್ದೆಯಿಂದ ಬಂದಿದ್ದು. ಅದೂ ನಾನು ಅಲ್ಲೇ ಕೂತು ಓದಿದ್ದು!

ಉತ್ತರ 3: ಚನ್ನಗಿರಿ ಕಡೆಯವನು

ಹಳ್ಳಿಯಲ್ಲಿ ಈಗ ಮಕ್ಕಳೇ ಜಾಸ್ತಿ. 2019ರಲ್ಲಿ ಪಂಚಾಯಿತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಮರುವರ್ಷ ‘ಓದುವ ಬೆಳಕು’ ಅಂತ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಟ್ಟರು. ನಮ್ಮನೆ ಹುಡುಗ ಮೊದಲು ಹೋಗಿದ್ದು ಚೆಸ್ ಆಡೋಕೆ. ಪುಸ್ತಕ ಆಮೇಲೆ. ಪರವಾಗಿಲ್ಲ ಅಲ್ವಾ?

ಹಳೇಪೇಟೆಯವನು:

ಎಲ್ಲ ಓದಿ, ಮಗಳನ್ನು ಗಾಡಿ ಹತ್ತಿಸಿಕೊಂಡು ಹೊರಟೇಬಿಟ್ಟೆ. ಬಾಗಿಲಿಗೆ ಬೀಗ. ಸೋಮವಾರ ವಾರದ ರಜೆಯಂತೆ. ಪಕ್ಕದ ಅಂಗಡಿಯವರು ನಕ್ಕರು. ಮಿರ್ಚಿ, ಮಂಡಕ್ಕಿ ತಿಂದು ವಾಪಸ್ ಬಂದೆವು. ಮಗಳು ಬಾಗಿಲ ಮೇಲಿನ ಟೈಮಿಂಗ್ ಬರೆದುಕೊಂಡಿದ್ದಾಳೆ.